1292ರಲ್ಲಿ ಸ್ಕಾಟ್ಲೆಂಡಿನ ಪಟ್ಟ ಬ್ರೂಸ್‌ನನ್ನು ಬಿಟ್ಟು ಬೇಲಿಯಲ್‌ಗೆ ಸಿಕ್ಕಿದ್ದು ಯಾಕೆ?

ಬೇಲಿಯಲ್ ರಾಜವಂಶದ ಡೇವಿಡ್‌ನ ಹಿರಿಯ ಮಗಳ ಕವಲಿನವನು, ಅದಕ್ಕೆ.

1286ರಲ್ಲಿ ರಾಜ ಮೂರನೇ ಅಲೆಕ್ಸಾಂಡರ್ ಬಿರುಗಾಳಿಯ ರಾತ್ರಿಯಲ್ಲಿ ಕುದುರೆ ಹತ್ತಿ ಹೊರಟು ದಾರಿಯಲ್ಲೇ ಸತ್ತ. ಉಳಿದಿದ್ದ ಮೊಮ್ಮಗಳು ಮಾರ್ಗರೆಟ್ ನಾರ್ವೆಯಿಂದ ಬರುವಾಗ 1290ರಲ್ಲಿ ತೀರಿಕೊಂಡಳು. ಪಾಪ, ಏಳು ವರ್ಷದ ಮಗು.

ಪಟ್ಟ ಕೇಳಿ ಹತ್ತಾರು ಜನ ಬಂದರೂ ಗಟ್ಟಿ ಹಕ್ಕಿದ್ದದ್ದು ಇಬ್ಬರಿಗೆ. ಜಾನ್ ಬೇಲಿಯಲ್, ಅಲೆಕ್ಸಾಂಡರ್‌ನ ಅಜ್ಜನ ತಮ್ಮ ಹಂಟಿಂಗ್ಡನ್‌ನ ಡೇವಿಡ್‌ನ ಹಿರಿಯ ಮಗಳ ಮೊಮ್ಮಗ. ರಾಬರ್ಟ್ ಬ್ರೂಸ್ ಎರಡನೇ ಮಗಳ ಮಗ. ಒಂದು ತಲೆಮಾರು ಹತ್ತಿರದವನು ತಾನೇ ಅಲ್ವಾ ಅನ್ನೋದು ಬ್ರೂಸ್ ವಾದ. ಅದು ನಿಲ್ಲಲಿಲ್ಲ.

ತೀರ್ಪು ಸರಿಯಾಗೇ ಇತ್ತು. ಆದರೆ ಪಂಚಾಯ್ತಿಗೆ ಕೂತ ಇಂಗ್ಲೆಂಡಿನ ಒಂದನೇ ಎಡ್ವರ್ಡ್, ತಾನೇ ಸ್ಕಾಟ್ಲೆಂಡಿನ ಮೇಲೊಡೆಯ ಅಂತ ಮೊದಲೇ ಒಪ್ಪಿಸಿಕೊಂಡಿದ್ದ. ಸ್ಕಾಟರು ನಿಜಕ್ಕೂ ಸೋತದ್ದು ಅಲ್ಲೇ. 1296ರಲ್ಲಿ ಅವನೇ ಬೇಲಿಯಲ್‌ನನ್ನು ಇಳಿಸಿ, ಅಂಗಿಯ ಮೇಲಿದ್ದ ರಾಜಲಾಂಛನವನ್ನೂ ಕೀಳಿಸಿದ. ಬ್ರೂಸ್‌ನ ಮೊಮ್ಮಗ 1306ರಲ್ಲಿ ಪಟ್ಟಕ್ಕೇರಿದ.