ಸರ್ಟಿಫಿಕೇಟ್‌ಗೆ ದುಡ್ಡು ಕಟ್ಟೋ ಮುಂಚೆ

ತಂಗಿ, ನೀನು ಅಕ್ಕಾ ಅಂತ ಕರೆದಿದ್ದೀಯ, ಹಾಗಾಗಿ ನಾನೂ ನೀನು ಅಂತಲೇ ಬರೆಯುತ್ತೇನೆ. ಬೇಜಾರಿಲ್ಲ ತಾನೆ?

ನೀನು ಕೇಳಿದ್ದು ಇಷ್ಟು. ಧಾರವಾಡದಲ್ಲಿ ಬಿ.ಎ., ಬಿ.ಎಡ್. ಮುಗಿಸಿ ಹುಬ್ಬಳ್ಳಿಯ ಖಾಸಗಿ ಶಾಲೆಯಲ್ಲಿ ಪ್ರೈಮರಿ ಮಕ್ಕಳಿಗೆ ಪಾಠ ಮಾಡಿದ್ದೀಯ. ಗಂಡನಿಗೆ ನ್ಯೂಜೆರ್ಸಿಯಲ್ಲಿ ಕೆಲಸ. ಜನವರಿಯಲ್ಲಿ ನೀನೂ, ಗಂಡನ ಕೆಲಸದ ವೀಸಾ ಆಧಾರದ ಮೇಲೆ ಹೆಂಡತಿಗೆ ಸಿಗುವ ಎಚ್‌-4 ವೀಸಾ ಮೇಲೆ ಬರುತ್ತೀಯ. ಸ್ಪೆಷಲ್ ಎಜುಕೇಶನ್‌ನಲ್ಲಿ, ಅಂದರೆ ಅಂಗವೈಕಲ್ಯ, ಆಟಿಸಂ ಥರದ ತೊಂದರೆ ಇರುವ ಮಕ್ಕಳಿಗೆ ಕಲಿಸುವ ವಿಷಯದಲ್ಲಿ, 15 ಕ್ರೆಡಿಟ್‌ನ ಆನ್‌ಲೈನ್ ಗ್ರಾಜುಯೇಟ್ ಸರ್ಟಿಫಿಕೇಟ್ ಒಂದನ್ನು ನೋಡಿಟ್ಟಿದ್ದೀಯ. ಅದು ಮುಗಿಸಿದರೆ ಪಬ್ಲಿಕ್ ಸ್ಕೂಲಿನಲ್ಲಿ, ಅಂದರೆ ಇಲ್ಲಿನ ಸರ್ಕಾರಿ ಶಾಲೆಯಲ್ಲಿ, ಟೀಚರ್ ಕೆಲಸ ಸಿಗುತ್ತಾ, ಅಲ್ಲಿ ದಿನ ಹೇಗೆ ಹೋಗುತ್ತೆ ಅಂತ ಪ್ರಶ್ನೆ.

ಬರೀ ಅದರಿಂದ ಸಿಗುವುದಿಲ್ಲ. ಇದನ್ನು ಮೊದಲೇ ಹೇಳಿಬಿಡುತ್ತೇನೆ. ಅಡ್ಮಿಷನ್ ಆಫೀಸಿನವರು ಇದನ್ನು ನೀನು ಕೆದಕಿ ಕೇಳಿದರೆ ಮಾತ್ರ ಹೇಳುತ್ತಾರೆ.

ಗ್ರಾಜುಯೇಟ್ ಸರ್ಟಿಫಿಕೇಟ್ ಅಂದರೆ ಡಿಗ್ರಿ ಆದ ಮೇಲೆ ಒಂದು ವಿಷಯದಲ್ಲಿ ನಾಲ್ಕರಿಂದ ಆರು ಕೋರ್ಸ್ ಓದಿದ್ದಾಳೆ ಅಂತ ಯೂನಿವರ್ಸಿಟಿ ಕೊಡುವ ಕಾಗದ. ಸಾಮಾನ್ಯವಾಗಿ 12ರಿಂದ 18 ಕ್ರೆಡಿಟ್ ಇರುತ್ತದೆ. ಶಾಲೆಯವರು ಕೇಳುವುದು ರಾಜ್ಯ ಸರ್ಕಾರ ಕೊಡುವ ಟೀಚಿಂಗ್ ಲೈಸೆನ್ಸ್. ಅದು ಪ್ರತಿ ರಾಜ್ಯಕ್ಕೂ ಬೇರೆ. ನ್ಯೂಜೆರ್ಸಿಯಲ್ಲಂತೂ ಸ್ಪೆಷಲ್ ಎಜುಕೇಶನ್ ಲೈಸೆನ್ಸ್ ಒಂದನ್ನೇ ಕೊಡುವುದಿಲ್ಲ. ಮೊದಲು ಪ್ರೈಮರಿ ಅಥವಾ ಗಣಿತ, ಇಂಗ್ಲಿಷ್‌ನಂಥ ಒಂದು ವಿಷಯದ ಲೈಸೆನ್ಸ್ ಬೇಕು. ಅದಕ್ಕೆ ಪ್ರಾಕ್ಸಿಸ್ ಪರೀಕ್ಷೆ ಬರೆಯಬೇಕು. ಅದರ ಮೇಲೆ ‘ಟೀಚರ್ ಆಫ್ ಸ್ಟೂಡೆಂಟ್ಸ್ ವಿತ್ ಡಿಸಬಿಲಿಟೀಸ್’ ಅಂತ ಇನ್ನೊಂದನ್ನು ಸೇರಿಸಿ ಕೊಡುತ್ತಾರೆ, ಅದೂ ರಾಜ್ಯ ಒಪ್ಪಿದ ಕೋರ್ಸ್ ಮಾಡಿದ್ದರೆ. ನೀನು ನೋಡಿಟ್ಟಿರುವ ಯೂನಿವರ್ಸಿಟಿ ಬೇರೆ ರಾಜ್ಯದ್ದು. ಈಗಾಗಲೇ ಲೈಸೆನ್ಸ್ ಇರುವ ಟೀಚರ್‌ಗಳು ಸಂಬಳದ ಮೆಟ್ಟಿಲು ಹತ್ತಲು ಅಂಥ ಕೋರ್ಸ್ ಮಾಡುತ್ತಾರೆ. ಥೆರಪಿಸ್ಟ್‌ಗಳು ಮಾಡುತ್ತಾರೆ, ಇಂಥ ಮಕ್ಕಳ ತಂದೆತಾಯಿಯೂ ಮಾಡುತ್ತಾರೆ. ಅವರಿಗೆಲ್ಲ ಒಳ್ಳೆಯದೇ.

ಆದ್ದರಿಂದ ಆ ಯೂನಿವರ್ಸಿಟಿಗೆ ಇವತ್ತೇ ಒಂದು ಮೇಲ್ ಹಾಕು: “ಈ ಕೋರ್ಸ್ ಮುಗಿದ ಮೇಲೆ ನ್ಯೂಜೆರ್ಸಿಯ ಲೈಸೆನ್ಸ್‌ಗೆ ನನ್ನ ಹೆಸರನ್ನು ನೀವು ಶಿಫಾರಸು ಮಾಡುತ್ತೀರಾ?” ಹೌದು ಅಥವಾ ಇಲ್ಲ ಅಂತ ಬರವಣಿಗೆಯಲ್ಲಿ ಬರಲಿ. “ನಿಮ್ಮ ರಾಜ್ಯದವರನ್ನು ವಿಚಾರಿಸಿ” ಅಂತ ಉತ್ತರ ಬಂದರೆ ಇಲ್ಲ ಅಂತಲೇ ತಿಳಿದುಕೋ. ಫೀಸು ಕ್ರೆಡಿಟ್ ಲೆಕ್ಕದಲ್ಲಿ ಇರುತ್ತದೆ. ಒಂದು ಕ್ರೆಡಿಟ್‌ಗೆ ಕೆಲವು ನೂರು ಡಾಲರ್‌ನಿಂದ ಸಾವಿರದ ಮೇಲೂ ಹೋಗುತ್ತದೆ. ಅದನ್ನು 15ರಿಂದ ಗುಣಿಸಿ, ರೂಪಾಯಿಗೆ ಬದಲಿಸಿ ನೋಡು. ಸರ್ಕಾರದ ಸ್ಟೂಡೆಂಟ್ ಲೋನ್ ಎಚ್‌-4ನವರಿಗೆ ಇಲ್ಲ.

ಇನ್ನು ವೀಸಾ. ಎಚ್‌-4 ಮೇಲೆ ಓದಲು ಯಾವ ಅಡ್ಡಿಯೂ ಇಲ್ಲ. ಆದರೆ ಒಂದು ಡಾಲರ್ ಸಂಬಳಕ್ಕೂ ಕೆಲಸ ಮಾಡುವ ಹಾಗಿಲ್ಲ. ಗಂಡನ ಗ್ರೀನ್ ಕಾರ್ಡ್ ದಾರಿಯಲ್ಲಿ ಐ-140 ಅನ್ನುವ ಹಂತ ಪಾಸಾಗಿದ್ದರೆ ಕೆಲಸದ ಪರವಾನಗಿಗೆ ಅರ್ಜಿ ಹಾಕಬಹುದು. ಈ ನಿಯಮ 2015ರಲ್ಲಿ ಬಂತು. ನಿಮ್ಮವರ ಕಂಪನಿ ಅದನ್ನು ಶುರುವಾದರೂ ಮಾಡಿದೆಯಾ? ಕೋರ್ಸ್‌ಗಿಂತ ಮುಂಚೆ ಅದನ್ನು ಕೇಳು. ಸ್ಪೆಷಲ್ ಎಜುಕೇಶನ್ ಟೀಚರ್‌ಗಳ ಕೊರತೆ ಇಲ್ಲಿ ಬಹುತೇಕ ಎಲ್ಲ ರಾಜ್ಯಗಳಲ್ಲೂ ಇದೆ ಅಂತ ನೀನು ಓದಿದ್ದೀಯ. ಅದು ನಿಜ. ಆದರೆ ಕೊರತೆ ಇದೆ ಅಂತ ಶಾಲೆಯವರು ನಿನಗೆ ಎಚ್‌-1ಬಿ, ಅಂದರೆ ಕೆಲಸದ ವೀಸಾ, ಮಾಡಿಸಿಕೊಡುತ್ತಾರೆ ಅಂತ ಲೆಕ್ಕ ಹಾಕಬೇಡ. ಸಾಮಾನ್ಯ ಪಬ್ಲಿಕ್ ಸ್ಕೂಲಿನ ಅರ್ಜಿಯೂ ಐಟಿ ಕಂಪನಿಗಳ ಅರ್ಜಿ ಬೀಳುವ ಅದೇ ಲಾಟರಿಯಲ್ಲಿ ಬೀಳುತ್ತದೆ.

ಇದನ್ನೆಲ್ಲ ಓದಿ ನಿನ್ನ ಮುಖ ಸಣ್ಣದಾಗಿರಬಹುದು. ಈಗ ಕೆಲಸದ ಬಗ್ಗೆ ಹೇಳುತ್ತೇನೆ. ಅದು ನನಗೆ ಇಷ್ಟದ ವಿಷಯ.

ನಾನು ಗದಗಿನವಳು. ವೀರೇಶ್ವರ ಪುಣ್ಯಾಶ್ರಮದ ಹುಡುಗರು ಒಬ್ಬರ ಹೆಗಲ ಮೇಲೆ ಒಬ್ಬರು ಕೈ ಇಟ್ಟು ಸಾಲಾಗಿ ನಡೆಯುವುದನ್ನು ನೋಡಿ ಬೆಳೆದವಳು. ಪುಟ್ಟರಾಜ ಗವಾಯಿಗಳು, ಅವರ ಗುರು ಪಂಚಾಕ್ಷರಿ ಗವಾಯಿಗಳು, ಇಬ್ಬರಿಗೂ ಕಣ್ಣಿರಲಿಲ್ಲ. ಎಷ್ಟು ಅಂಧ ಮಕ್ಕಳಿಗೆ ಅಲ್ಲಿ ಊಟ, ವಿದ್ಯೆ, ಬದುಕು ಸಿಕ್ಕಿತು! ಹಾಗಾಗಿ ಇಂಥ ಮಕ್ಕಳಿಗೆ ಬೇರೆ ಜಾಗ, ಬೇರೆ ಗುರು ಅಂತಲೇ ನನ್ನ ತಲೆಯಲ್ಲಿತ್ತು. ಇಲ್ಲಿ ಅಮೆರಿಕದ ಕಾನೂನು ಉಲ್ಟಾ ಕಡೆಯಿಂದ ಶುರುವಾಗುತ್ತದೆ. 1975ರಲ್ಲಿ ಬಂದ ಕಾನೂನು, 1990ರಿಂದ ಐಡಿಇಎ ಅನ್ನುತ್ತಾರೆ. ಮೂರನೇ ವಯಸ್ಸಿನಿಂದ ಇಂಥ ಪ್ರತಿ ಮಗುವಿಗೂ ತಕ್ಕ ಶಿಕ್ಷಣವನ್ನು ಪುಕ್ಕಟೆ ಕೊಡಲೇಬೇಕು, ಆದಷ್ಟೂ ಎಲ್ಲ ಮಕ್ಕಳ ಜೊತೆಗೇ ಕೂರಿಸಬೇಕು ಅಂತ ಅದರಲ್ಲಿದೆ. ಬೇರೆ ಕ್ಲಾಸಿಗೆ ಕಳಿಸುವುದಾದರೆ ಯಾಕೆ ಅಂತ ಬರೆದು ತೋರಿಸಬೇಕು. ಯಾವುದು ಮೇಲು ಅನ್ನುವ ವಾದಕ್ಕೆ ನಾನು ಹೋಗುವುದಿಲ್ಲ. ಆಶ್ರಮದಲ್ಲಿ ಸಿಗುತ್ತಿದ್ದ ಗುರುವಿನ ಸಂಗ ಇಲ್ಲಿನ ಫೈಲಿನಲ್ಲಿ ಸಿಗುವುದಿಲ್ಲ, ಅಷ್ಟು ಗೊತ್ತು.

ಫೈಲು ಅಂದೆನಲ್ಲ, ಅದರ ಹೆಸರು ಐಇಪಿ, ಆ ಮಗುವಿಗೆಂದೇ ಬರೆದ ಕಲಿಕೆಯ ಯೋಜನೆ. ಪ್ರತಿ ಮಗುವಿಗೂ ಒಂದು, ಪ್ರತಿ ವರ್ಷ ಹೊಸದು. ಮೂರು ವರ್ಷಕ್ಕೊಮ್ಮೆ ಮಗುವನ್ನು ಮತ್ತೆ ಪರೀಕ್ಷಿಸಬೇಕಾ ಅಂತ ನೋಡಬೇಕು. ನಮ್ಮ ಪ್ರಗತಿ ಪತ್ರದಲ್ಲಿ “ಇನ್ನೂ ಸುಧಾರಿಸಬೇಕು” ಅಂತ ಬರೆದರೆ ಮುಗಿಯಿತು, ಅಲ್ವಾ? ಇಲ್ಲಿ ಅದು ನಡೆಯುವುದಿಲ್ಲ. ಮಾತು ಬಾರದ ಆರು ವರ್ಷದ ಹುಡುಗನಿಗೆ ನಾನು ಬರೆಯುವ ಗುರಿ ಹೀಗಿರುತ್ತದೆ: “ಬಾಯಾರಿದಾಗ ನೀರಿನ ಚಿತ್ರದ ಕಾರ್ಡನ್ನು ತಾನೇ ಕಿತ್ತು ದೊಡ್ಡವರ ಕೈಗೆ ಕೊಡುತ್ತಾನೆ, 5 ಸಲದಲ್ಲಿ 4 ಸಲ, ಯಾರೂ ಕೈ ಹಿಡಿದು ತೋರಿಸದೆ.” ಆಮೇಲೆ ದಿನಾ ಕ್ಲಿಪ್‌ಬೋರ್ಡ್ ಹಿಡಿದು ಗುರುತು ಹಾಕಬೇಕು. ತಾನೇ ಕೊಟ್ಟರೆ ಪ್ಲಸ್, ಕೊಡದಿದ್ದರೆ ಮೈನಸ್, ಮೊಣಕೈ ಮುಟ್ಟಿ ನೆನಪಿಸಿದ್ದರೆ ಬೇರೆ ಗುರುತು. ಆ ಮೂರನೇ ಗುರುತೇ ಮುಖ್ಯ. ಅದು ವಾರದಿಂದ ವಾರಕ್ಕೆ ಕಮ್ಮಿಯಾಗುತ್ತಿದ್ದರೆ ಹುಡುಗ ಕಲಿಯುತ್ತಿದ್ದಾನೆ. ಹಾಗೇ ಇದ್ದರೆ ನಾನೇ ಅವನ ಬದಲು ಕೇಳುತ್ತಿದ್ದೇನೆ ಅಂತ ಅರ್ಥ.

ಬೇರೆ ಕೆಲಸವೂ ಇದೆ. ಡೈಪರ್ ಬದಲಿಸಬೇಕಾಗುತ್ತದೆ. ಕಚ್ಚುವ ಮಕ್ಕಳಿರುತ್ತಾರೆ, ಅದಕ್ಕೆ ತೋಳಿಗೆ ದಪ್ಪ ಕವಚ ಹಾಕಿಕೊಳ್ಳುತ್ತೇವೆ. ಬಾಗಿಲು ತೆರೆದ ಕೂಡಲೇ ಓಡುವ ಮಗು ಒಂದಾದರೂ ಇರುತ್ತದೆ. ಇದಾವುದೂ ಕೋರ್ಸ್‌ನ ಬ್ರೋಷರ್‌ನಲ್ಲಿ ಇರುವುದಿಲ್ಲ. ಸಂಜೆ ಮನೆಗೆ ಬಂದ ಮೇಲೆ ರೊಟ್ಟಿ ಬಡಿಯುವ ಶಕ್ತಿ ಉಳಿಯುವುದಿಲ್ಲ. ಕಟಕ ರೊಟ್ಟಿ, ಶೇಂಗಾ ಚಟ್ನಿ ಊರಿಂದ ಜಾಸ್ತಿ ತಂದಿಟ್ಟುಕೋ.

ಮೀಟಿಂಗ್‌ಗಳ ಬಗ್ಗೆ ಒಂದು ಮಾತು. ಐಇಪಿ ಮೀಟಿಂಗಿನಲ್ಲಿ ಮಗುವಿನ ತಂದೆತಾಯಿ, ಸಾಮಾನ್ಯ ಕ್ಲಾಸಿನ ಟೀಚರ್, ಸ್ಪೆಷಲ್ ಎಜುಕೇಶನ್ ಟೀಚರ್, ಆಡಳಿತದ ಕಡೆಯವರು ಒಬ್ಬರು, ಪರೀಕ್ಷೆಯ ಫಲಿತಾಂಶ ಬಿಡಿಸಿ ಹೇಳುವವರು ಒಬ್ಬರು ಇರುತ್ತಾರೆ. ಕಾನೂನಿನ ಪ್ರಕಾರ ತಂದೆತಾಯಿಗೂ ಸಮನಾದ ಮಾತಿದೆ. ಆದರೆ ನಮ್ಮ ಕಡೆಯವರು ಬಂದು ಕೂತರೆ “ನೀವು ಹೇಗೆ ಹೇಳ್ತೀರೋ ಹಾಗೆ” ಅಂದುಬಿಡುತ್ತಾರೆ. ಟೀಚರ್‌ಗೆ ಎದುರು ಮಾತಾಡಬಾರದು ಅಂತ ನಮಗೆ ಕಲಿಸಿದ್ದಾರಲ್ಲ. ಕನ್ನಡ ಕೂಟದ ಕಾರ್ಯಕ್ರಮಕ್ಕೆ ಮಗುವನ್ನು ಕರೆತರದೆ ಸರದಿ ಮೇಲೆ ಬರುವ ಗಂಡಹೆಂಡತಿಯರೂ ಇದ್ದಾರೆ. ದುಭಾಷಿ ಬೇಕು ಅಂತ ಕೇಳಿದರೆ ಶಾಲೆಯೇ ಪುಕ್ಕಟೆ ಏರ್ಪಾಡು ಮಾಡಬೇಕು ಅಂತ ಅವರಿಗೆ ಗೊತ್ತಿರುವುದಿಲ್ಲ. ಆಟಿಸಂ ಇರುವ ಮಗುವಿನ ಜೊತೆ ಕನ್ನಡ ಬಿಡಿ, ಬರೀ ಇಂಗ್ಲಿಷ್ ಮಾತಾಡಿ ಅಂತ ಯಾರೋ ಹೇಳಿದ್ದನ್ನು ನಂಬಿ, ಅಜ್ಜಿ ಮೊಮ್ಮಗನ ಹತ್ತಿರ ಮಾತೇ ಆಡದ ಮನೆ ನೋಡಿದ್ದೇನೆ. ಎರಡು ಭಾಷೆಯಿಂದ ಇಂಥ ಮಕ್ಕಳಿಗೆ ತೊಂದರೆ ಆಗುತ್ತದೆ ಅಂತ ಸಂಶೋಧನೆಗಳು ತೋರಿಸಿಲ್ಲ. ಆ ಮನೆಗಳಿಗೆ ನಿನ್ನಂಥವಳು ಬೇಕು. ಲೈಸೆನ್ಸ್ ಬರುವ ಮುಂಚೆಯೂ ಬೇಕು.

ಊರಲ್ಲಿ ಮಾಡಿದ ಕೆಲಸ ಲೆಕ್ಕಕ್ಕೆ ಬರುತ್ತಾ ಅಂತಲೂ ಕೇಳಿದ್ದೀಯ. ಬರುತ್ತದೆ, ಕಾಗದ ಇದ್ದರೆ. ಇಲ್ಲಿಗೆ ಬಂದ ಮೇಲೆ ಧಾರವಾಡದಿಂದ ಕಾಗದ ತರಿಸುವುದು ತಲೆನೋವು, ಆದ್ದರಿಂದ ಹೊರಡುವ ಮುಂಚೆಯೇ ಪಾವಟೆ ನಗರಕ್ಕೆ ಹೋಗಿ ಕರ್ನಾಟಕ ವಿಶ್ವವಿದ್ಯಾಲಯದಿಂದ ಬಿ.ಎ., ಬಿ.ಎಡ್. ಎರಡರ ಟ್ರಾನ್ಸ್‌ಕ್ರಿಪ್ಟ್ ಮಾಡಿಸು. ಇಲ್ಲಿ ಡಬ್ಲ್ಯುಇಎಸ್‌ನಂಥ ಸಂಸ್ಥೆಗಳು ಅವನ್ನು ಅಮೆರಿಕದ ಲೆಕ್ಕಕ್ಕೆ ತೂಗುತ್ತವೆ. ಟ್ರಾನ್ಸ್‌ಕ್ರಿಪ್ಟ್ ಯೂನಿವರ್ಸಿಟಿಯಿಂದಲೇ ನೇರ ಹೋಗಬೇಕಾಗುತ್ತದೆ, ಅದರ ಕ್ರಮ ಮೊದಲೇ ತಿಳಿದುಕೋ. ಮೂರು ವರ್ಷದ ಬಿ.ಎ. ಒಂದನ್ನೇ ತೋರಿಸಿದರೆ ಕೆಲವು ಕಡೆ ಪೂರ್ತಿ ಡಿಗ್ರಿ ಅಂತ ಒಪ್ಪುವುದಿಲ್ಲ, ಬಿ.ಎಡ್. ಸೇರಿಸಿಯೇ ಕಳಿಸು. ಬಿ.ಎಡ್. ಕಾಲೇಜಿನ ಪ್ರಿನ್ಸಿಪಾಲರ ಹತ್ತಿರ ಇನ್ನೊಂದು ಪತ್ರ ತಗೋ: ಪ್ರಾಕ್ಟೀಸ್ ಟೀಚಿಂಗ್ ಎಷ್ಟು ವಾರ, ಯಾವ ತರಗತಿ, ಯಾವ ವಿಷಯ ಅಂತ ಲೆಟರ್‌ಹೆಡ್ ಮೇಲೆ, ಸಹಿ, ಸೀಲು ಸಮೇತ. ಶಾಲೆಯಿಂದ ಅನುಭವ ಪತ್ರವೂ ಅದೇ ಥರ.

ಮುಂದೊಂದು ದಿನ ವಾಪಸ್ ಊರಿಗೆ ಬಂದು ಇದೇ ಕೆಲಸ ಮಾಡುವ ಆಸೆ ಇದೆಯಾ? ಹಾಗಿದ್ದರೆ ಇದನ್ನೂ ಯೋಚಿಸು. ಭಾರತದಲ್ಲಿ ಸ್ಪೆಷಲ್ ಎಜುಕೇಟರ್ ಆಗಲು ಆರ್‌ಸಿಐ, ಅಂದರೆ ಭಾರತೀಯ ಪುನರ್ವಸತಿ ಪರಿಷತ್ತಿನ ನೋಂದಣಿ ಬೇಕು. 1992ರ ಕಾಯ್ದೆ ಅದು. ಅಮೆರಿಕದ ಸರ್ಟಿಫಿಕೇಟ್ ತೋರಿಸಿದರೆ ಆ ನಂಬರ್ ತಾನಾಗಿ ಬರುವುದಿಲ್ಲ.

ಜನವರಿಗೆ ಇನ್ನೂ ಟೈಮ್ ಇದೆ. ನಿಮ್ಮ ತಾಲ್ಲೂಕಿನ ಬಿಆರ್‌ಸಿಗೆ, ಅಂದರೆ ಶಿಕ್ಷಣ ಇಲಾಖೆಯ ಕ್ಷೇತ್ರ ಸಂಪನ್ಮೂಲ ಕೇಂದ್ರಕ್ಕೆ, ಹೋಗಿ ಬಿಐಇಆರ್‌ಟಿ ಟೀಚರ್ ಯಾರು ಅಂತ ಕೇಳು. ಶಾಲೆಗೆ ಬರಲಾಗದ ಮಕ್ಕಳ ಮನೆಗೇ ಹೋಗಿ ಕಲಿಸುವವರು ಅವರು. ಒಪ್ಪಿದರೆ ಒಂದೆರಡು ದಿನ ಅವರ ಜೊತೆ ಓಡಾಡು. ಚಾಪೆ ಮೇಲೆ ಮಲಗಿರುವ ಹತ್ತು ವರ್ಷದ ಮಗುವಿನ ಪಕ್ಕ ಒಂದು ತಾಸು ಕೂತು, ನಾಳೆಯೂ ಬರಬೇಕು ಅನಿಸುತ್ತಾ ನೋಡು. ಅನಿಸಿದರೆ ಕೋರ್ಸ್ ಹುಡುಕೋಣ. ಇಲ್ಲಿಗೆ ಬಂದ ಮೇಲೆ ಮೊದಲು ಡ್ರೈವಿಂಗ್ ಕಲಿ. ಇದು ಎಲ್ಲರೂ ಹೇಳುವ ಮಾತು, ಆದರೂ ಹೇಳುತ್ತೇನೆ. ಕಾರ್ ಇಲ್ಲದೆ ಎಷ್ಟೋ ಶಾಲೆಗಳಿಗೆ ಹೋಗಲಾಗುವುದಿಲ್ಲ. ಎಚ್‌-4ನ ಮೊದಲ ಚಳಿಗಾಲದಲ್ಲಿ ನಾಲ್ಕು ಗೋಡೆ ನೋಡಿಕೊಂಡು ಕೂತರೆ ತಲೆ ಕೆಡುತ್ತದೆ. ಕೆಲಸದ ಪರವಾನಗಿ ಬರುವ ತನಕ ಸ್ಪೆಷಲ್ ಒಲಿಂಪಿಕ್ಸ್‌ನಂಥ ಕಡೆ ಸಂಬಳವಿಲ್ಲದ ವಾಲಂಟಿಯರ್ ಆಗಬಹುದು. ಪರವಾನಗಿ ಬಂದ ಮೇಲೆ ನೇರ ಟೀಚರ್ ಕೆಲಸಕ್ಕೆ ಹೋಗುವ ಬದಲು ಮೊದಲು ಪಾರಾ, ಅಂದರೆ ಕ್ಲಾಸಿನ ಸಹಾಯಕಿಯಾಗಿ ಸೇರು. ಸಂಬಳ ಕಮ್ಮಿ. ಆದರೆ ಯಾವ ಕೋರ್ಸ್‌ಗೆ ದುಡ್ಡು ಹಾಕಬೇಕು ಅಂತ ನಿನಗೇ ಗೊತ್ತಾಗುತ್ತದೆ. ಕೆಲವು ಊರುಗಳಲ್ಲಿ ಫೀಸಿನ ಒಂದಿಷ್ಟು ಭಾಗವನ್ನು ಶಾಲೆಯೇ ಕೊಡುತ್ತದೆ.

ಬಿ.ಎ.ಯಲ್ಲಿ ಯಾವ ಸಬ್ಜೆಕ್ಟ್ ಅಂತ ನೀನು ಬರೆದೇ ಇಲ್ಲ. ಇಂಗ್ಲಿಷ್ ಮೇಜರ್ ಆಗಿದ್ದರೆ ಒಂದು ದಾರಿ, ಸಮಾಜಶಾಸ್ತ್ರ, ಇತಿಹಾಸ ಆಗಿದ್ದರೆ ಪ್ರೈಮರಿ ಲೈಸೆನ್ಸ್ ಕಡೆ ನೋಡುವುದು ಒಳ್ಳೆಯದು. ಅದನ್ನು ಬರೆದು ಕಳಿಸು. ಯೂನಿವರ್ಸಿಟಿಯಿಂದ ಬಂದ ಮೇಲ್ ಕೂಡ ಹಾಗೇ ಫಾರ್ವರ್ಡ್ ಮಾಡು, ಓದಿ ಹೇಳುತ್ತೇನೆ.