ಕಲ್ಲು ಬಿಟ್ಟು ತೇಲುತ್ತಿರುವ ಮಶ್ರೂಮ್ ಕೋರಲ್ ಮತ್ತೆ ಅಂಟಿಕೊಳ್ಳುತ್ತದೆಯೇ?

ಅಂಟಿಕೊಳ್ಳುತ್ತದೆ, ಗಾಬರಿಯಾಗಬೇಡಿ. ಮಶ್ರೂಮ್ ಎಂದರೆ ಉಪ್ಪುನೀರಿನ ಅಕ್ವೇರಿಯಂ ಟ್ಯಾಂಕ್‌ನಲ್ಲಿ ಸಾಕುವ, ಅಣಬೆಯಾಕಾರದ ಮೆತ್ತನೆಯ ಹವಳದಂಥ ಜೀವಿ. ಲೈಟ್‌ಗೆ ಹತ್ತಿರ ಇರಲಿ ಎಂದು ಕಲ್ಲಿನ ತುದಿಯಲ್ಲಿ ಇಟ್ಟಿದ್ದೆ, ಈಗ ಕುಗ್ಗಿ ತೇಲಾಡುತ್ತಿದೆ, ಸೂಪರ್ ಗ್ಲೂ ಕೂಡ ಹಿಡಿಯುತ್ತಿಲ್ಲ ಎಂದು ಬರೆದಿದ್ದೀರಿ. ನನಗನ್ನಿಸುವುದು, ಅದಕ್ಕೆ ಆ ಜಾಗ ಹಿಡಿಸಿಲ್ಲ, ಅಷ್ಟೇ. ಮಶ್ರೂಮ್‌ಗೆ ಗಟ್ಟಿ ಕೋರಲ್‌ಗಳಂತೆ ಸುಣ್ಣದ ಗೂಡಿಲ್ಲ. ಹಾಗಾಗಿ ಬೇಡವಾದರೆ ಪಾದ ಬಿಡಿಸಿಕೊಂಡು ಹೊರಟುಬಿಡುತ್ತದೆ.

ಗ್ಲೂ ಕೈಬಿಡಿ. ಅದರ ಮೈಯೆಲ್ಲಾ ಲೋಳೆ, ಯಾವ ಅಂಟೂ ನಿಲ್ಲುವುದಿಲ್ಲ. ನಾನು ಮಾಡುವುದು ಇಷ್ಟು: ಒಂದು ಚಿಕ್ಕ ಪ್ಲಾಸ್ಟಿಕ್ ಡಬ್ಬಿಯ ತಳಕ್ಕೆ ಕೋರಲ್ ಕಲ್ಲಿನ ಚೂರುಗಳನ್ನು ಹರಡುತ್ತೇನೆ. ಮಶ್ರೂಮ್ ಅನ್ನು ಪಾದ ಕೆಳಗೆ ಬರುವಂತೆ ಅದರ ಮೇಲಿಟ್ಟು, ಬಾಯಿಗೆ ಬಲೆ ಬಟ್ಟೆ ಹಾಕಿ ರಬ್ಬರ್ ಬ್ಯಾಂಡ್ ಬಿಗಿಯುತ್ತೇನೆ. ಡಬ್ಬಿಯನ್ನು ಟ್ಯಾಂಕ್‌ನ ತಳದಲ್ಲಿ, ನೀರಿನ ಸೆಳೆತ ತೀರಾ ಕಡಿಮೆ ಇರುವ ಮೂಲೆಯಲ್ಲಿ ಇಡಬೇಕು. ಒಂದೆರಡು ವಾರದಲ್ಲಿ ಯಾವುದೋ ಒಂದು ಚೂರನ್ನು ಹಿಡಿದುಕೊಂಡಿರುತ್ತದೆ. ಆಮೇಲೆ ಆ ಚೂರಿಗೆ ಗ್ಲೂ ಹಚ್ಚಿ, ಬೇಕಾದ ಕಡೆ ಕೂರಿಸಿ. ಈ ಮಧ್ಯೆ ಸುಮ್ನೆ ಸುಮ್ನೆ ಎತ್ತಿ ನೋಡಬೇಡಿ. ಇದನ್ನು ಒತ್ತಿ ಹೇಳುತ್ತಿದ್ದೇನೆ, ಏಕೆಂದರೆ ಪದೇ ಪದೇ ಜಾಗ ಬದಲಿಸಿದರೆ ಎಷ್ಟು ಗಟ್ಟಿಮುಟ್ಟಾದ ಮಶ್ರೂಮ್ ಆದರೂ ಸೊರಗುತ್ತದೆ.

ಬೆಳಕಿನ ವಿಷಯದಲ್ಲಿ ಅದರ ಮೈಯೇ ಸುಳಿವು ಕೊಡುತ್ತದೆ. ಜಾಸ್ತಿಯಾದರೆ ಮುದುಡುತ್ತದೆ, ಬಣ್ಣ ಬಿಳಚಿಕೊಳ್ಳುತ್ತದೆ. ಕಡಿಮೆಯಾದರೆ ಬೆಳಕಿನ ಕಡೆಗೆ ಉದ್ದಕ್ಕೆ ಚಾಚುತ್ತದೆ. ಪಾರ್ ಮೀಟರ್ (ಕೋರಲ್‌ಗೆ ಉಪಯೋಗವಾಗುವ ಬೆಳಕನ್ನು ಅಳೆಯುವ ಸಾಧನ) ಸಿಕ್ಕರೆ 50ರಿಂದ 100ರ ಒಳಗೆ ಇರಲಿ. ಮಶ್ರೂಮ್‌ಗಳಲ್ಲೇ ಡಿಸ್ಕೋಸೋಮಾ ಎಂಬ ಬಗೆಗೆ ಇನ್ನೂ ಕಡಿಮೆ ಇದ್ದರೂ ಸಾಕು, ರಿಕಾರ್ಡಿಯಾ ಎಂಬ ಬಗೆಗೆ ಸ್ವಲ್ಪ ಹೆಚ್ಚು ಬೇಕು.

ನೀರು ತೀರಾ ಶುದ್ಧವಾಗಿದ್ದರೂ ಇವು ಕುಗ್ಗುತ್ತವೆ. ಮೀನಿನ ಕಸದಿಂದ ನೀರಿಗೆ ಸೇರುವ ನೈಟ್ರೇಟ್, ಫಾಸ್ಫೇಟ್ ಎರಡನ್ನೂ ಸೊನ್ನೆಗೆ ಇಳಿಸಲು ಹೆಣಗಾಡಬೇಡಿ. ನೈಟ್ರೇಟ್ 5ರಿಂದ 15 ಪಿಪಿಎಂ ಇದ್ದರೆ ನನ್ನ ಮಶ್ರೂಮ್‌ಗಳು ಚೆನ್ನಾಗಿ ಅರಳುತ್ತವೆ. ಉಪ್ಪಿನಂಶ 35 ಪಿಪಿಟಿ (ಸಾವಿರಕ್ಕೆ 35 ಭಾಗ), ಉಷ್ಣತೆ 25 ಡಿಗ್ರಿ ಆಸುಪಾಸು ಇರಲಿ. ಇವು ದಿನದಿನಕ್ಕೂ ಏರುಪೇರಾಗದಿರುವುದು ಮುಖ್ಯ.

ಬಾಯಿಂದ ಬಿಳಿ ನೂಲಿನಂಥದ್ದು ಹೊರಬಂದರೆ ಹೆದರಬೇಡಿ, ಅದಕ್ಕೆ ಒತ್ತಡವಾಗಿದೆ ಎಂದರ್ಥ. ಆದರೆ ಮೈ ಕರಗಿ ಕೊಳೆತ ವಾಸನೆ ಬಂದರೆ ತಕ್ಷಣ ತೆಗೆದುಬಿಡಿ.

ಕೊನೆಗೆ ಕೂರಿಸುವಾಗ ಮುಖ್ಯ ಕಲ್ಲುಗಳಿಂದ ದೂರ, ಮರಳಿನ ಮೇಲೆ ಒಂಟಿಯಾಗಿರುವ ಕಲ್ಲನ್ನು ಆರಿಸಿಕೊಳ್ಳಿ. ಒಗ್ಗಿಕೊಂಡ ಮೇಲೆ ಇವು ಸರಿದು ಹೋಗುವಾಗ ಬಿಟ್ಟ ಪಾದದ ತುಣುಕಿನಿಂದಲೂ ಹೊಸ ಮರಿ ಹುಟ್ಟುತ್ತದೆ. ರೋಡ್ಯಾಕ್ಟಿಸ್ ಎಂಬ ಬಗೆಯದ್ದಾಗಿದ್ದರೆ ಪಕ್ಕದ ಕೋರಲ್‌ಗಳನ್ನು ಕುಟುಕಿ ಸುಟ್ಟು ಜಾಗ ಮಾಡಿಕೊಳ್ಳುತ್ತದೆ. ಇನ್ನು ನಿಮ್ಮದು ತಟ್ಟೆಯಷ್ಟು ಅಗಲವಾಗುವ ಎಲಿಫೆಂಟ್ ಇಯರ್ ಜಾತಿಯದ್ದಾಗಿದ್ದರೆ, ಚಿಕ್ಕ ಮೀನುಗಳ ಬಗ್ಗೆ ಎಚ್ಚರ: ಮೀನು ಮೇಲೆ ಬಂದಾಗ ಅಂಚುಗಳನ್ನು ಚೀಲದ ಬಾಯಿಯಂತೆ ಮುಚ್ಚಿಕೊಂಡು ನುಂಗಿಬಿಡುತ್ತದೆ.