ಕ್ಷಮೆಗೂ ಒಂದು ಕಲಂ ಇತ್ತು

ಶಿವಮೊಗ್ಗದಲ್ಲಿ ಕಾಲೇಜು ಹುಡುಗರಿಗಾಗಿ ಚಿತ್ರಸಮಾಜ ನಡೆಸುವ ಓದುಗರೊಬ್ಬರ ಪತ್ರ: "ನೀವು ಮೆಚ್ಚಿ ಬರೆದಿದ್ದಿರೆಂದು 'ಕಿನ್ಯರ್ವಾಂಡ' ಚಿತ್ರ ತೋರಿಸಿದೆವು. ಆಫ್ರಿಕಾದ ರುವಾಂಡಾದಲ್ಲಿ ಎರಡು ಬುಡಕಟ್ಟುಗಳು ಕಾದಾಡುವಾಗ ಹುಟು ಹುಡುಗನೊಬ್ಬ, ಟುಟ್ಸಿ ಹುಡುಗಿಯೊಬ್ಬಳು ಪ್ರೀತಿಸುತ್ತಾರೆ. ಮಸೀದಿ ಆಶ್ರಯ ಕೊಡುತ್ತದೆ. ಕೊಂದವರು ಆಮೇಲೆ ಮರುಶಿಕ್ಷಣ ಶಿಬಿರದಲ್ಲಿ ತಪ್ಪೊಪ್ಪಿಕೊಳ್ಳುತ್ತಾರೆ. ಆ ಪ್ರೀತಿಗೆ ಅಷ್ಟೊಂದು ಹೆದರಿಕೆ ಯಾಕೆ, ಮಸೀದಿಯ ಕಥೆ ನಿಜವೇ, ಕ್ಷಮೆ ಅಷ್ಟು ಸಲೀಸೇ ಎಂದು ಹುಡುಗರು ಕೇಳಿದರು. ನನಗೆ ಉತ್ತರ ಹೊಳೆಯಲಿಲ್ಲ. ಮುಂದಿನ ತಿಂಗಳು ಮತ್ತೆ ತೋರಿಸುವವರಿದ್ದೇವೆ. ಏನು ಹೇಳಲಿ?"

ನಮಸ್ಕಾರ. ಹುಡುಗರ ಪ್ರಶ್ನೆಗಿಂತ ಮುಂಚೆ ನಿಮ್ಮ ಪತ್ರದ ಒಂದು ಮಾತನ್ನೇ ತಿದ್ದಬೇಕಾಗಿದೆ. ಅದು ಎರಡು ಬುಡಕಟ್ಟುಗಳ ಕಾದಾಟವಲ್ಲ. ಹುಟು, ಟುಟ್ಸಿ ಇಬ್ಬರ ಮಾತೂ ಕಿನ್ಯರ್ವಾಂಡವೇ. ಚಿತ್ರಕ್ಕೆ ಆ ಹೆಸರು ಸುಮ್ಮನೆ ಬಂದದ್ದಲ್ಲ. ಒಂದೇ ಗುಡ್ಡದಲ್ಲಿ ಅಕ್ಕಪಕ್ಕದ ಮನೆ, ಒಂದೇ ಚರ್ಚು. 1994ರ ಏಪ್ರಿಲ್ 6ರ ರಾತ್ರಿ ದೇಶದ ಹುಟು ಅಧ್ಯಕ್ಷ ಹಬ್ಯರಿಮಾನ ಅವರಿದ್ದ ವಿಮಾನವನ್ನು ಹೊಡೆದುರುಳಿಸಲಾಯಿತು. ಮರುದಿನದಿಂದ ಜುಲೈ ಮಧ್ಯದವರೆಗೆ, ಸುಮಾರು ನೂರು ದಿನ, ಸರ್ಕಾರ, ಸೈನ್ಯ ಮತ್ತು ಇಂಟೆರಾಹಾಮ್ವೆ ಎಂಬ ಹುಟು ಪಡೆ ಸೇರಿ ಟುಟ್ಸಿಗಳನ್ನೂ ಅವರ ಪರ ನಿಂತ ಹುಟುಗಳನ್ನೂ ಕೊಂದವು. ಸತ್ತವರು ಎಂಟು ಲಕ್ಷ ಎಂಬುದು ರೂಢಿಯ ಲೆಕ್ಕ; ರುವಾಂಡಾ ಸರ್ಕಾರದ ಲೆಕ್ಕ ಹತ್ತು ಲಕ್ಷ ದಾಟುತ್ತದೆ. ವಿಶ್ವಸಂಸ್ಥೆ ಇದನ್ನು 'ಟುಟ್ಸಿಗಳ ವಿರುದ್ಧದ ನರಮೇಧ' ಎಂದೇ ಕರೆಯುತ್ತದೆ. 'ಕಾದಾಟ' ಎಂದುಬಿಟ್ಟರೆ ಕ್ಷಮೆ ಯಾರು ಕೇಳಬೇಕು, ಯಾರು ಕೊಡಬೇಕು ಎಂಬುದೇ ಕಲಸಿಹೋಗುತ್ತದೆ.

ಪ್ರೀತಿಯ ಪ್ರಶ್ನೆಗೆ ಉತ್ತರ ಒಂದು ಗುರುತಿನ ಚೀಟಿಯಲ್ಲಿದೆ. ಬೆಲ್ಜಿಯಂ ಆಡಳಿತ 1930ರ ದಶಕದಲ್ಲಿ ತಂದ ವ್ಯವಸ್ಥೆ ಇದು. ಚೀಟಿಯಲ್ಲಿ 'ಉಬ್ವೋಕೊ', ಅಂದರೆ ಕುಲ, ಎಂಬ ಸಾಲು. ಅದರ ಮುಂದೆ ಹುಟು, ಟುಟ್ಸಿ, ಟ್ವಾ (ಮೂರನೆಯ ಒಂದು ಸಣ್ಣ ಗುಂಪು) ಎಂದು ಅಚ್ಚು ಹಾಕಿರುತ್ತಿತ್ತು. ಗುಮಾಸ್ತ ನಿಮ್ಮದಲ್ಲದ್ದನ್ನು ಗೀಟು ಎಳೆದು ಹೊಡೆಯುತ್ತಿದ್ದ. 1994ರಲ್ಲಿ ರಸ್ತೆಗಡ್ಡ ಮರದ ದಿಮ್ಮಿ ಹಾಕಿ ನಿಂತವರು ಮೊದಲು ಕೇಳುತ್ತಿದ್ದದ್ದು ಈ ಚೀಟಿಯನ್ನೇ. ಗೀಟು ಬೀಳದೆ ಉಳಿದ ಆ ಒಂದು ಪದ ಸಾವು ಬದುಕನ್ನು ತೀರ್ಮಾನಿಸುತ್ತಿತ್ತು. ಈ ಗುರುತು ಬರುತ್ತಿದ್ದದ್ದು ಅಪ್ಪನ ಕಡೆಯಿಂದ, ಹಾಗಾಗಿ ಹುಟು ಗಂಡನಿದ್ದ ಟುಟ್ಸಿ ಹೆಣ್ಣಿನ ಮಕ್ಕಳು ಕಾಗದದ ಮೇಲೆ ಹುಟುಗಳು. ತಾಯಿ ಮಾತ್ರ ಟುಟ್ಸಿಯಾಗಿಯೇ ಉಳಿಯುತ್ತಿದ್ದಳು. ಇಂಥ ಮದುವೆಗಳು ಅಪರೂಪವೇನೂ ಆಗಿರಲಿಲ್ಲ, ಅದಕ್ಕೇ ದ್ವೇಷ ಹಬ್ಬಿಸುವವರಿಗೆ ಅವು ಕಣ್ಣಿಗೆ ಚುಚ್ಚುತ್ತಿದ್ದವು. 'ಕಂಗುರ' ಎಂಬ ಪತ್ರಿಕೆ 1990ರ ಡಿಸೆಂಬರಿನಲ್ಲಿ 'ಹುಟುಗಳ ಹತ್ತು ಆಜ್ಞೆ' ಅಚ್ಚು ಹಾಕಿತು. ಟುಟ್ಸಿ ಹೆಣ್ಣನ್ನು ಮದುವೆಯಾದ, ಇಟ್ಟುಕೊಂಡ, ಕಚೇರಿಯಲ್ಲಿ ಕಾರ್ಯದರ್ಶಿಯಾಗಿ ನೇಮಿಸಿಕೊಂಡ ಹುಟು ದ್ರೋಹಿ ಎಂಬುದೇ ಮೊದಲನೇ ಆಜ್ಞೆ. ಕೊಲೆ ಶುರುವಾಗುವುದಕ್ಕೆ ಮೂರು ವರ್ಷಕ್ಕೂ ಮುಂಚೆ ಪ್ರೀತಿಗೆ ಪಹರೆ ಬಿದ್ದಿತ್ತು. ಒಂದು ಪತ್ರಿಕೆಯ ಕೈಯಲ್ಲಿ ಈ ಕೆಲಸ ಆಯಿತು ಎಂಬುದನ್ನು ನಾವು ಪತ್ರಿಕೆಯವರು ಮರೆಯುವಂತಿಲ್ಲ.

ಮಸೀದಿಯ ಕಥೆ ನಿಜ. ಚಿತ್ರ ನಿಂತಿರುವುದೇ ರಾಜಧಾನಿ ಕಿಗಾಲಿಯ ಮಸೀದಿಯಲ್ಲಿ, ನ್ಯಾಂಜಾ ಎಂಬ ಊರಿನ ಮದರಸಾದಲ್ಲಿ ಆಶ್ರಯ ಪಡೆದವರ ಅನುಭವಗಳ ಮೇಲೆ. ಆದರೆ 'ಒಂದು ಧರ್ಮ ಒಳ್ಳೆಯದು, ಇನ್ನೊಂದು ಕೆಟ್ಟದ್ದು' ಎಂದು ಹುಡುಗರು ಎದ್ದುಹೋಗದಂತೆ ನೋಡಿಕೊಳ್ಳಿ. ಮುಸ್ಲಿಮರು ಅಲ್ಲಿ ತೀರಾ ಕಡಿಮೆ ಸಂಖ್ಯೆಯವರು, ಬಹುತೇಕ ಪೇಟೆಯ ವ್ಯಾಪಾರಸ್ಥರು. ಚರ್ಚು, ಶಾಲೆ, ಸರ್ಕಾರ ಒಂದಕ್ಕೊಂದು ಹೆಣೆದುಕೊಂಡಿದ್ದ ಆ ದೇಶದಲ್ಲಿ ಅವರು ಅಧಿಕಾರದ ಹೊರಗೇ ಇದ್ದವರು. ಕಿಗಾಲಿಯ ನ್ಯಾಮಿರಾಂಬೊದಂಥ ಕೇರಿಗಳಲ್ಲಿ ಹುಟು, ಟುಟ್ಸಿ ಎನ್ನದೆ ಬೆರೆತು ಬಾಳುತ್ತಿದ್ದರು. ಅದು ಅವರನ್ನು ಈ ದ್ವೇಷದಿಂದ ಕಾಪಾಡಿತು. ಹಾಗೆಂದು ಕೊಂದವರಲ್ಲಿ ಮುಸ್ಲಿಮರೇ ಇರಲಿಲ್ಲ ಎಂದಲ್ಲ. ಮೇಲೆ ಹೇಳಿದ 'ಕಂಗುರ'ದ ಸಂಪಾದಕ ಹಸನ್ ಎನ್‌ಗೆಜೆ ಮುಸ್ಲಿಮನೇ. ರುವಾಂಡಾಕ್ಕೆಂದೇ ರಚಿಸಿದ ಅಂತರರಾಷ್ಟ್ರೀಯ ನ್ಯಾಯಮಂಡಳಿ ಅವನಿಗೆ ಮೊದಲು ಜೀವಾವಧಿ, ಮೇಲ್ಮನವಿಯಲ್ಲಿ 35 ವರ್ಷ ವಿಧಿಸಿತು.

ಮಸೀದಿ ಕಾಪಾಡಿತು, ಚರ್ಚುಗಳಲ್ಲೋ ಸಾವಿರಾರು ಜನ ಸತ್ತರು. ಅದಕ್ಕೆ ಬೇರೆಯೇ ಒಂದು ಕಾರಣವೂ ಇದೆ. 1959ರಿಂದ ಈಚೆಗಿನ ಹಿಂಸೆಗಳಲ್ಲಿ ಚರ್ಚಿನೊಳಗೆ ಓಡಿಹೋದವರು ಬದುಕುಳಿದಿದ್ದರು. ಆ ನೆನಪಿನ ಮೇಲೆ 1994ರಲ್ಲೂ ಊರಿಗೆ ಊರೇ ಚರ್ಚು ಸೇರಿತು. ಕೊಲ್ಲಲು ಬಂದವರಿಗೆ ಮನೆಮನೆ ಹುಡುಕುವ ಕೆಲಸವೇ ಉಳಿಯಲಿಲ್ಲ. ನ್ಯಾಂಗೆ ಎಂಬ ಊರಲ್ಲಿ ಸುಮಾರು 1,500 ಜನ ಒಳಗಿದ್ದಂತೆಯೇ ಚರ್ಚನ್ನು ಬುಲ್‌ಡೋಜರ್‌ನಿಂದ ಕೆಡವಿದರು. ಅಲ್ಲಿನ ಪಾದ್ರಿ ಅಥನಾಸ್ ಸೆರೊಂಬಾಗೆ 2008ರಲ್ಲಿ ಜೀವಾವಧಿ ಶಿಕ್ಷೆಯಾಯಿತು. ಕ್ಯಾಥೊಲಿಕ್ ಧರ್ಮಸಂಸ್ಥೆಯದೇ ಇನ್ನೊಂದು ಮುಖ ಗಿಸೆನ್ಯಿ ಪಟ್ಟಣದ ಸೇವಿಕೆ ಫೆಲಿಸಿಟಾಸ್ ನಿಯಿಟೆಗೆಕ. ಹುಟು ಹೆಂಗಸು, ಸೈನ್ಯದಲ್ಲಿ ಕರ್ನಲ್ ಆಗಿದ್ದವನೊಬ್ಬನ ಸಹೋದರಿ. 'ನೀನೊಬ್ಬಳು ಬಂದುಬಿಡು' ಎಂದು ಆ ಸಹೋದರನ ಕಡೆಯಿಂದ ಕರೆ ಬಂದರೂ ಹೋಗದೆ, ತಾನು ಬಚ್ಚಿಟ್ಟವರ ಜೊತೆಗೇ ಸತ್ತಳು. ಚಿತ್ರದ ಪಾದ್ರಿಯ ತೊಳಲಾಟ ಅರ್ಥವಾಗಬೇಕಾದರೆ ಈ ಎರಡೂ ಹೆಸರು ಗೊತ್ತಿರಬೇಕು.

ಇನ್ನು ಕ್ಷಮೆ. ಹುಡುಗರ ಗುಮಾನಿ ಸರಿಯಾಗಿಯೇ ಇದೆ. ಚಿತ್ರದಲ್ಲಿ ಅದು ಬೇಗ ಆಗಿಬಿಡುತ್ತದೆ. ನಮ್ಮ ಮೆಚ್ಚುಗೆಯಲ್ಲಿ ಈ ಮಾತು ಹೇಳದೆ ಬಿಟ್ಟದ್ದು ನಮ್ಮ ತಪ್ಪು. ನಿಜದಲ್ಲಿ ಅಲ್ಲಿ ಕ್ಷಮೆ ಮನಸ್ಸಿನ ವಿಷಯ ಆಗುವುದಕ್ಕಿಂತ ಮುಂಚೆ ಕಾನೂನಿನ ವಿಷಯವಾಗಿತ್ತು. 2000ದ ಹೊತ್ತಿಗೆ ಜೈಲುಗಳಲ್ಲಿ ಒಂದು ಲಕ್ಷಕ್ಕೂ ಹೆಚ್ಚು ಜನ ತುಂಬಿದ್ದರು. ಮಾಮೂಲಿ ಕೋರ್ಟುಗಳಲ್ಲಿ ವಿಚಾರಣೆ ಮುಗಿಯಲು ನೂರು ವರ್ಷವೂ ಸಾಲದು ಎಂಬ ಅಂದಾಜಾಯಿತು. ಆಗ ಹಳೆಯ ಊರಪಂಚಾಯ್ತಿಯ ಹೆಸರಲ್ಲಿ 'ಗಚಾಚ' ನ್ಯಾಯಾಲಯಗಳನ್ನು ಕಟ್ಟಿದರು. ಹೆಸರು ಬಂದಿರುವುದು ಕೂರುವ ಜಾಗದ ಹುಲ್ಲಿನಿಂದ. ಸುಮಾರು 12,000 ನ್ಯಾಯಾಲಯ, 2012ರ ಜೂನ್‌ನಲ್ಲಿ ಮುಚ್ಚುವಷ್ಟರಲ್ಲಿ 19 ಲಕ್ಷಕ್ಕೂ ಮೀರಿ ಮೊಕದ್ದಮೆ. ವಕೀಲರಿಲ್ಲ. ತೀರ್ಪು ಕೊಡುವವರು ಊರವರೇ ಆರಿಸಿದ 'ಇನ್ಯಂಗಮುಗಾಯೊ'ಗಳು: ರೈತರು, ಮೇಷ್ಟ್ರುಗಳು, ಹೆಗಲಿಗೆ ಧ್ವಜದ ಬಣ್ಣದ ಪಟ್ಟಿ, ಬೆಂಚಿನ ಮೇಲೆ ಸಾಲಾಗಿ. ಒಬ್ಬರು ನೋಟುಬುಕ್ಕಿನಲ್ಲಿ ಕೈಬರಹದಲ್ಲೇ ಎಲ್ಲ ಬರೆದುಕೊಳ್ಳುತ್ತಾರೆ. ಜೈಲಿನಿಂದ ಬಂದವನು ಗುಲಾಬಿ ಬಣ್ಣದ ಅಂಗಿ ಚಡ್ಡಿಯಲ್ಲಿ ಎದುರಿಗೆ ನಿಂತಿರುತ್ತಾನೆ.

2004ರ ಕಾಯ್ದೆಯ 54ನೇ ಕಲಂ ಪ್ರಕಾರ 'ತಪ್ಪಾಯಿತು' ಎಂದರೆ ಸಾಲದು. ಏನು ಮಾಡಿದೆ, ಹೇಗೆ, ಎಲ್ಲಿ, ಯಾವಾಗ, ಯಾರು ನೋಡಿದರು, ಸತ್ತವರು ಯಾರು, ಹೆಣ ಎಲ್ಲಿ ಎಸೆದೆ, ಜೊತೆಗೆ ಯಾರಿದ್ದರು ಎಂದೆಲ್ಲ ಹೇಳಿ, ಆಮೇಲೆ ಎಲ್ಲರೆದುರು ಕ್ಷಮೆ ಕೇಳಬೇಕಿತ್ತು. ಕೊಂದದ್ದು ರುಜುವಾತಾಗಿ ಒಪ್ಪಿಕೊಳ್ಳದವನಿಗೆ 25ರಿಂದ 30 ವರ್ಷ. ಆರೋಪಿಗಳ ಪಟ್ಟಿಯಲ್ಲಿ ಹೆಸರು ಬಂದಮೇಲೆ ಒಪ್ಪಿದರೆ 12ರಿಂದ 15. ಪಟ್ಟಿಗೆ ಮುಂಚೆಯೇ ಒಪ್ಪಿದರೆ 7ರಿಂದ 12, ಅದರಲ್ಲೂ ಅರ್ಧ ಜೈಲಿನ ಹೊರಗೆ ರಸ್ತೆ, ಮನೆ ಕಟ್ಟುವ ಸಮುದಾಯ ಸೇವೆ.

ಎಡವಟ್ಟಾದದ್ದು ಇಲ್ಲಿಯೇ. ಒಪ್ಪಿಗೆಗೆ ಬೆಲೆ ಕಟ್ಟಿದ ಮೇಲೆ ಚೌಕಾಸಿಯೂ ಶುರುವಾಯಿತು. ಸತ್ತುಹೋದ ಅಥವಾ ದೇಶ ಬಿಟ್ಟ ಜೊತೆಗಾರನ ಹೆಸರನ್ನಷ್ಟೇ ಹೇಳುವುದು, ಮೂರು ಕೊಲೆಯಲ್ಲಿ ಒಂದನ್ನು ಒಪ್ಪಿಕೊಳ್ಳುವುದು. ಹೆಣದ ಜಾಗ ಹೇಳಿದಾಗ ಮಾತ್ರ ಬದುಕುಳಿದವರಿಗೆ ನಿಜವಾದ ಲಾಭ. ಅಗೆದು, ತೊಳೆದು, ಹೆಸರಿಟ್ಟು ಮಣ್ಣು ಮಾಡುವುದಾಯಿತು. ಆಸ್ತಿ ಲೂಟಿಗೆ ಪರಿಹಾರ ಕೊಡಬೇಕೆಂಬ ತೀರ್ಪು ಬಂದರೂ ಕೊಡಲು ಲೂಟಿ ಮಾಡಿದವನ ಹತ್ತಿರ ಏನೂ ಇರುತ್ತಿರಲಿಲ್ಲ. ಇನ್ನು ಕಾಯ್ದೆ ಕ್ಷಮೆ ಕೇಳುವುದನ್ನು ವಿಧಿಸಿತ್ತು, ಕೊಡುವುದನ್ನಲ್ಲ. ಆದರೆ ಊರೆಲ್ಲ ನೋಡುತ್ತಿರುವಾಗ, ನಾಳೆ ಅದೇ ಬಾವಿಯ ಹತ್ತಿರ ಕೊಂದವನ ಹೆಂಡತಿ ಎದುರಾಗುವಾಗ, ಇಲ್ಲ ಎನ್ನುವುದು ಎಷ್ಟು ಜನರಿಗೆ ಸಾಧ್ಯ?

ಆ ಭಾಷೆಯಲ್ಲಿ ಕ್ಷಮಿಸುವುದಕ್ಕೆ 'ಕುಬಬರಿರ' ಎನ್ನುತ್ತಾರೆ. ನೋವು ಪಡುವುದು ಎಂಬರ್ಥದ 'ಕುಬಬರ'ದಿಂದ ಹುಟ್ಟಿದ ಪದ. ನಮ್ಮ 'ಕ್ಷಮೆ'ಗಿಂತ 'ಮರುಗು' ಅದಕ್ಕೆ ಹತ್ತಿರ. ಚಿತ್ರ ನೋಡುವಾಗ ಈ ಒಂದು ಪದ ಕಿವಿಯಲ್ಲಿರಲಿ ಎಂದು ಹುಡುಗರಿಗೆ ಹೇಳಿ.

ಮುಂದಿನ ಪ್ರದರ್ಶನಕ್ಕೆ: ಚಿತ್ರಕ್ಕೆ ಮುಂಚೆ ಹದಿನೈದು ನಿಮಿಷ ಸಾಕು. ಗುರುತಿನ ಚೀಟಿಯ ಚಿತ್ರವೊಂದನ್ನು ಪರದೆಯ ಮೇಲೆ ತೋರಿಸಿ, ಹತ್ತು ಆಜ್ಞೆಯ ಮೊದಲನೆಯದನ್ನು ಓದಿ. ಆರು ಕಥೆಗಳು ಕಾಲದಲ್ಲಿ ಹಿಂದೆಮುಂದೆ ಹೋಗುತ್ತವೆ, ಗೊಂದಲವಾದರೆ ಗಾಬರಿ ಬೇಡ ಎಂದು ಮೊದಲೇ ತಿಳಿಸಿ. ಮುಗಿದ ತಕ್ಷಣ ದೀಪ ಹಾಕಿ 'ನೀವಾಗಿದ್ದರೆ ಕ್ಷಮಿಸುತ್ತಿದ್ದಿರಾ' ಎಂದು ಕೇಳಬೇಡಿ. ಇಪ್ಪತ್ತು ವರ್ಷದವರು ಆ ಪ್ರಶ್ನೆಗೆ ಚೆಂದದ ಸುಳ್ಳು ಹೇಳುತ್ತಾರೆ. 54ನೇ ಕಲಂನ ಅಂಶಗಳನ್ನು ಬೋರ್ಡಿನ ಮೇಲೆ ಬರೆಯಿರಿ. ಶಿಬಿರದಲ್ಲಿ ತಪ್ಪೊಪ್ಪಿಕೊಂಡವನು ಅದರಲ್ಲಿ ಏನೇನು ಹೇಳಿದ, ಏನು ಹೇಳಲಿಲ್ಲ ಎಂದು ಒಂದೊಂದಾಗಿ ಗುರುತು ಹಾಕಿಸಿ.

— ಸಂ.